ಸೊಪ್ಪಿನ ಮಡಿಯಲ್ಲಿ ಬೆಳೆದ ಇಂಧನ

ಗಾಣದಿಂದ ಬಂದ ಎಣ್ಣೆ ಒಂದು ಲೋಟವನ್ನೂ ತುಂಬಲಿಲ್ಲ. ಪಂಕಜಾ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು, ಓರೆ ಮಾಡಿ ನೋಡಿದಳು, ಎಣ್ಣೆ ಹೆಚ್ಚಾಗಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕುಂದಲಹಳ್ಳಿಯ ಆ ಅಪಾರ್ಟ್‌ಮೆಂಟಿನ ಅಷ್ಟೂ ಮನೆಯವರು ಕೆಳಗಿಳಿದು ಬರುವವರಿದ್ದರು. ‘ನಾವೇ ಬೆಳೆದ ಇಂಧನದಲ್ಲಿ ನಮ್ಮ ಜನರೇಟರ್’ ಎಂದು ವಾಟ್ಸಾಪ್ ಗುಂಪಿನಲ್ಲಿ ಸಾರಿದ್ದವಳು ಅವಳೇ, ಹಸಿರು ಸಮಿತಿಯ ಮುಖ್ಯಸ್ಥೆ.

ಇದಕ್ಕಾಗಿ ಕಾಂಪೌಂಡಿನ ಹಿಂದಿನ ಜಾಗದಲ್ಲಿದ್ದ ಮೆಂತ್ಯ, ಪಾಲಕ್, ಹರಿವೆಯನ್ನೆಲ್ಲ ಕೀಳಿಸಿ, ಡೀಸೆಲ್ ಬದಲಿಗೆ ಉರಿಯುವ ಎಣ್ಣೆಬೀಜದ ಕಾಡುಹರಳು ನೆಡಿಸಿದ್ದಳು. ಆ ಸೊಪ್ಪು ಮಲಕವ್ವನದು. ಯಾದಗಿರಿ ಕಡೆಯಿಂದ ಬಂದು ಪಕ್ಕದ ಸೈಟಿನ ತಗಡಿನ ಶೆಡ್ಡಿನಲ್ಲಿರುವ ಅವಳು, ಅಪಾರ್ಟ್‌ಮೆಂಟಿನ ಕಸ ಗುಡಿಸಿ ಉಳಿದ ಹೊತ್ತಿನಲ್ಲಿ ಶೆಡ್ಡಿನವರೆಲ್ಲರ ಸಾರಿಗಾಗುವಷ್ಟು ಬೆಳೆಯುತ್ತಿದ್ದಳು.

“ತಿನ್ನಾಕ ಬರ್ತದೇನ್ರಿ ಅಕ್ಕಾರ, ಈ ಗಿಡ?” ಎಂದು ಆಗ ಕೇಳಿದ್ದಳು.

“ಇಲ್ಲ, ವಿಷ. ಆದ್ರೆ ಪರಿಸರಕ್ಕೆ ಒಳ್ಳೇದು.”

“ಹೌದ್ರಿ?” ಎಂದು ಮಲಕವ್ವ ಕಿತ್ತ ಮೆಂತ್ಯವನ್ನು ಸೆರಗಿಗೆ ಕಟ್ಟಿಕೊಂಡು ಹೋಗಿದ್ದಳು. ಆಮೇಲೆ ಟ್ಯಾಂಕರ್ ನೀರನ್ನು ಆ ಗಿಡಗಳು ಮದುವೆಗೆ ಬಂದ ಬೀಗರ ಹಾಗೆ ಕೇಳಿ ಕೇಳಿ ಕುಡಿದವು. ಕೊಟ್ಟಿದ್ದು ಈ ಮುಕ್ಕಾಲು ಲೋಟ.

ಪಂಕಜಾ ಮನೆಗೆ ಓಡಿದಳು. ಹಬ್ಬಕ್ಕೆಂದು ತಂದಿಟ್ಟಿದ್ದ ಸೂರ್ಯಕಾಂತಿ ಎಣ್ಣೆಯನ್ನೆಲ್ಲ ಕ್ಯಾನಿಗೆ ಸುರಿದುಕೊಂಡು ಲಿಫ್ಟ್ ಹತ್ತಿದರೆ, ಒಳಗೆ ವೇಣಿ ಆಂಟಿ! ಸರ್ಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸಿ ನಿವೃತ್ತರಾದವರು. ಈಗ ನೆರೆಹೊರೆಯನ್ನು ಪರೀಕ್ಷಿಸುತ್ತಿದ್ದರು.

“ಏನೇ ಪಂಕಜಾ, ಕ್ಯಾನಲ್ಲಿ ಏನು?”

“ನೀರು ಆಂಟಿ.”

“ಹಳದಿಗಿದೆಯಲ್ಲೇ!”

“ಬೋರ್‌ವೆಲ್ ನೀರು ಆಂಟಿ.”

ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಸುದ್ದಿ ಗುಂಪಿಗೆ ಬಿದ್ದಾಗಿತ್ತು: ಬೋರ್‌ವೆಲ್ಲಿನಲ್ಲಿ ಹಳದಿ ನೀರು! ಇಂಧನ ನೋಡಲು ಬರಬೇಕಿದ್ದವರು ಬಾಟಲಿ, ಬಕೆಟ್ಟು ಹಿಡಿದು ಜಗಳಕ್ಕೆ ಬಂದರು. ಒಬ್ಬರಂತೂ ತಲೆಯ ಮೇಲಿನ ಸೋಪಿನ ನೊರೆ ಸಮೇತ ಇಳಿದಿದ್ದರು. ಅವರೆಲ್ಲ ಅಂಗಳದ ನಲ್ಲಿಗಳನ್ನು ತಿರುಗಿಸಿ ನೋಡುತ್ತಿರುವಾಗ ಪಂಕಜಾ ಕಳ್ಳರ ಹಾಗೆ ಜನರೇಟರಿಗೆ ಎಣ್ಣೆ ಸುರಿದಳು.

ನಲ್ಲಿಯ ನೀರು ತಿಳಿಯಾಗಿಯೇ ಬಂದು ಜಗಳ ತಣ್ಣಗಾದ ಮೇಲೆ ಸಂಘದ ಅಧ್ಯಕ್ಷ ಅನುರಾಗ್ ಬಟನ್ ಒತ್ತಿದ. ಜನರೇಟರ್ ಎರಡು ಸಲ ಕೆಮ್ಮಿ ಶುರುವಾಯಿತು. ಹೊಗೆಯ ಜೊತೆ ಘಮ್ಮನೆ ಒಂದು ವಾಸನೆ ಹಬ್ಬಿತು.

“ಯಾರೋ ಬೋಂಡ ಕರೀತಿದಾರೆ ಗುರು!” ಎಂದ ಹಿಂದಿನಿಂದ ಯಾರೋ.

ವೇಣಿ ಆಂಟಿ ಮೂಗು ಅರಳಿಸಿದರು. “ಕಾಡುಹರಳು ಹಿಂಗೆ ಘಮ್ ಅನ್ನುತ್ತೇನೇ?”

“ಸಾವಯವ ಆಂಟಿ,” ಎಂದಳು ಪಂಕಜಾ. ತನ್ನ ಧ್ವನಿ ತನಗೇ ಹೇಸಿಗೆಯೆನಿಸಿತು.

ಅನುರಾಗ್ ಹಿಗ್ಗಿ ಹೋಗಿದ್ದ. “ಸಕ್ಕತ್! ಆದ್ರೆ ನಮ್ಮ ತುಂಡು ಜಾಗ ಸಾಲಲ್ಲ. ಪಕ್ಕದ ಸೈಟ್ ಓನರ್ ಹತ್ರ ಮಾತಾಡಿದೀನಿ, ಲೀಸಿಗೆ ಕೊಡ್ತಾರೆ. ಆ ಶೆಡ್‌ಗಳನ್ನ ತೆಗೆಸಿಬಿಟ್ಟು ಅಲ್ಲೂ ಇದನ್ನೇ ಹಾಕೋಣ.”

ಗೇಟಿನ ಬಳಿ ಗುಡಿಸುತ್ತಿದ್ದ ಮಲಕವ್ವನ ಪೊರಕೆ ನಿಂತಿತು. ಪಂಕಜಾ ಅದನ್ನು ಕಂಡಳು. ಹೇಳದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟಳು.

“ಅದು ಅಡುಗೆ ಎಣ್ಣೆ. ನಮ್ಮನೇದು. ಬೋರ್‌ವೆಲ್ ನೀರೂ ಸುಳ್ಳು. ಅಷ್ಟು ಗಿಡದಿಂದ ಒಂದು ಲೋಟಾನೂ ಬಂದಿಲ್ಲ. ಸೊಪ್ಪು ಕೀಳ್ಸಿದ್ದೇ ತಪ್ಪು. ದಯವಿಟ್ಟು ಶೆಡ್ ಮುಟ್ಬೇಡಿ.”

ಜನರೇಟರ್ ಬೋಂಡ ಕರಿಯುತ್ತಲೇ ಇತ್ತು.

“ಹಂಗಾದ್ರೆ ಗಿಡ ದಂಡ?” ಎಂದ ಅನುರಾಗ್.

“ಪೂರ್ತಿ ದಂಡ.”

“ಕಿತ್ತು ಹಾಕ್ಬಹುದು?”

“ಇವತ್ತೇ!” ಪಂಕಜಾಳಿಗೆ ಬೆಳಗಿನಿಂದ ಮೊದಲ ಸಲ ಉಸಿರು ಬಂದಂತಾಯಿತು. ಗೇಟಿನ ಕಡೆ ತಿರುಗಿ ಮಲಕವ್ವನಿಗೆ ಸಣ್ಣಗೆ ತಲೆಯಾಡಿಸಿದಳು.

“ಒಳ್ಳೇ ಟೈಮಿಗೆ ಹೇಳಿದ್ರಿ ಮೇಡಂ!” ಅನುರಾಗ್ ಕೈ ಎತ್ತಿ ಎಲ್ಲರಿಗೂ ಕೇಳುವಂತೆ ಕೂಗಿದ. “ಪಾರ್ಕಿಂಗ್ ಇಲ್ದೆ ಎಷ್ಟು ಜನ ಒದ್ದಾಡ್ತಿದಾರೆ! ಹಿಂದಿನ ಜಾಗ, ಪಕ್ಕದ ಸೈಟು, ಎರಡಕ್ಕೂ ಸಿಮೆಂಟ್ ಹಾಕ್ಸೋಣ. ಧೈರ್ಯವಾಗಿ ನಿಜ ಹೇಳಿದ್ದಕ್ಕೆ ಮೊದಲ್ನೇ ಸ್ಲಾಟ್ ನಮ್ಮ ಪಂಕಜಾ ಮೇಡಂಗೆ!”

ಚಪ್ಪಾಳೆ ಬಿತ್ತು. ವೇಣಿ ಆಂಟಿಯದು ಎಲ್ಲಕ್ಕಿಂತ ಜೋರು. ಎಲ್ಲರೂ ತಟ್ಟುತ್ತಿದ್ದಾರೆಂದು ಮಲಕವ್ವನೂ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು ತಟ್ಟಿದಳು. ಆಮೇಲೆ ಪಂಕಜಾಳ ಹತ್ತಿರ ಬಂದಳು.

“ಚಲೋ ಆತ್ರಿ ಅಕ್ಕಾರ,” ಎಂದಳು. “ನಾವು ಯಾವಾಗ ಖಾಲಿ ಮಾಡ್ಬೇಕ್ರಿ?”