ಅಜ್ಜಿಯ ಒಡಪಿಗೊಂದು ಮೂಲರೂಪ

ನನಗೆ ಯಾರ ನೆನಪಿನ ಮೇಲೂ ನಂಬಿಕೆಯಿಲ್ಲ. ಅಚ್ಚುಕಟ್ಟಾಗಿ ಮಡಚಿಟ್ಟ ನೆನಪು ಕಂಡರಂತೂ ನಡುವೆ ಯಾರೋ ಇಸ್ತ್ರಿ ಮಾಡಿದ್ದಾರೆಂಬ ಗುಮಾನಿ. ಹಾಗಾಗಿ ಭಾಷಾವಿಜ್ಞಾನಿಗಳ ಕುರಿತ ಒಂದು ಪುಸ್ತಕ ಗದಗಿನ ವಾಚನಾಲಯದಲ್ಲಿ ಸಿಕ್ಕಾಗ ಊಟ ಮರೆತು ಓದಿದೆ. ಅವರು ಯಾರ ನೆನಪನ್ನೂ ಕೇಳುವುದಿಲ್ಲ. ಯಾರೂ ಬರೆದಿಡದೆ ಸತ್ತುಹೋದ ತಾಯಿಭಾಷೆಯನ್ನು ಅದರ ಮಕ್ಕಳ ಮುಖ ನೋಡಿಯೇ ಕಟ್ಟುತ್ತಾರೆ. ನಾವು ಹಾಲು ಎಂದರೆ ತಮಿಳರು ಪಾಲ್, ತೆಲುಗರು ಪಾಲು. ನಮ್ಮ ಹುಲಿ ಇಬ್ಬರಲ್ಲೂ ಪುಲಿ. ಒಂದು ಶಬ್ದದಲ್ಲಾದರೆ ಆಕಸ್ಮಿಕ ಅನ್ನಬಹುದು, ಸಾಲುಸಾಲಾಗಿ ಹೀಗೇ ಸಿಕ್ಕರೆ ತಾಯಿಯ ಬಾಯಲ್ಲಿದ್ದದ್ದು ಪ, ಜಾರಿದವರು ನಾವು. ಹಾಗೆ ಕಟ್ಟಿದ ಶಬ್ದದ ತಲೆಯ ಮೇಲೆ ಅವರು ಒಂದು ನಕ್ಷತ್ರ ಇಡುತ್ತಾರೆ. ಇದನ್ನು ಕಿವಿಯಾರೆ ಕೇಳಿದವರು ಯಾರೂ ಇಲ್ಲ ಎಂಬ ಒಪ್ಪಿಗೆ ಅದು. ಈ ಪ್ರಾಮಾಣಿಕತೆಗೆ ನಾನು ಮಾರುಹೋದೆ. ಧಾರವಾಡ ಜಿಲ್ಲೆ ಒಡೆದು ನಮ್ಮದು ಹೊಸ ಜಿಲ್ಲೆಯಾಗಿದ್ದ ದಿನಗಳವು. ತಾಯಿಯಿಂದ ಮಕ್ಕಳು ಬೇರೆಯಾಗುವ ಸಂಗತಿ ಗಾಳಿಯಲ್ಲೇ ಇತ್ತೆನ್ನಿ.

ಅದೇ ಹೊತ್ತಿಗೆ ಮಗಳು ಸವಿತಾಳ ಕುಬಸ ಬಂತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಅಲ್ಲಿ ಅವಳು ಗಂಡನ ಹೆಸರನ್ನು ಒಡಪಿನ ಪ್ರಾಸದೊಳಗೆ ಕಟ್ಟಿ ಹೇಳಬೇಕು, ಹೇಳುವತನಕ ಹೆಂಗಸರು ಬಿಡುವುದಿಲ್ಲ. ಉಂಡಿ ಕಟ್ಟಲು ನನ್ನ ಮೂವರು ಸೋದರತ್ತೆಯರು ಎರಡು ದಿನ ಮೊದಲೇ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು: ದೊಡ್ಡವಳು ಲಕ್ಷ್ಮೇಶ್ವರದಿಂದ, ನಡುವಿನವಳು ಶಿರಹಟ್ಟಿಯಿಂದ, ಸಣ್ಣವಳು ಮುಂಡರಗಿಯಿಂದ. ಸವಿತಾ ಸುಮ್ಮನಿರದೆ, "ಮುತ್ತಜ್ಜಿ ಹೇಳತಿದ್ದ ಒಡಪನ್ನ ನಾನೂ ಹೇಳ್ತೀನಿ, ಕಲಸ್ರಿ" ಅಂದಳು.

"ಬರ್ಕೋ" ಅಂದಳು ದೊಡ್ಡತ್ತೆ. "ಬೆಳ್ಳಿ ತಾಟಿನ್ಯಾಗ ಬಿಸಿ ರೊಟ್ಟಿ, ಶಂಕರಪ್ಪನವರು ಬಂದ್ರು ಪಟಗಾ ಕಟ್ಟಿ." ಶಂಕರಪ್ಪ ನನ್ನ ಅಜ್ಜ, ಪಟಗಾ ಅವನ ತಲೆಯ ರುಮಾಲು.

"ಬೆಳ್ಳಿ ಎಲ್ಲಿತ್ತ ನಮ್ಮ ಮನ್ಯಾಗ?" ನಡುವಿನತ್ತೆ ನಕ್ಕಳು. "ಹಿತ್ತಾಳಿ ತಾಟಿನ್ಯಾಗ ಬಿಸಿ ರೊಟ್ಟಿ, ಶಂಕರಪ್ಪನವರು ಬಂದ್ರು ಪಟಗಾ ಸುತ್ತಿ."

ಸಣ್ಣತ್ತೆ ಉಂಡಿ ಕಟ್ಟುವುದನ್ನೇ ನಿಲ್ಲಿಸಿದಳು. "ಇಬ್ಬರಿಗೂ ಮರವು. ಹಿತ್ತಾಳಿ ತಾಟಿನ್ಯಾಗ ಕಟಕ ರೊಟ್ಟಿ, ಶಂಕರಪ್ಪನವರು ಬಂದ್ರು ಟೊಪಗಿ ಇಟ್ಟು. ಅವ್ವನ ಮಗ್ಗಲದಾಗ ಕಡೀತನಕ ಮಲಗಿದಾಕಿ ನಾ."

"ಮಲಗಿದ್ದಿ, ಖರೆ. ಗೊರಕಿ ಹೊಡಕೋತ ಏನ್ ಕೇಳ್ತಿ?"

ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ದೊಡ್ಡತ್ತೆ ಎದ್ದು ಚೀಲ ತುಂಬತೊಡಗಿದಳು, ಸಂಜೆ ಬಸ್ಸಿಗೆ ಹೊರಡಲು. ಅವಳು ಹೊರಟರೆ ಉಳಿದಿಬ್ಬರೂ ನಿಲ್ಲುವವರಲ್ಲ. ಸವಿತಾಳ ಕಣ್ಣು ತುಂಬಿತು. ಹೆಂಡತಿ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, "ನಿಮ್ಮ ಅತ್ತಿಗೋಳು ಇಲ್ಲದ ಉಡಿ ತುಂಬೂದಾದ್ರ ಮಂದಿಗೆ ನೀವ ಜವಾಬು ಹೇಳ್ರಿ" ಅಂದಳು.

ನನಗೋ ಭಯಕ್ಕಿಂತ ಕುತೂಹಲವೇ ಹೆಚ್ಚು. ಒಬ್ಬ ತಾಯಿ, ಮೂವರು ಮಕ್ಕಳು, ಮೂರು ಪಾಠ! ಕೋಣೆ ಸೇರಿ ಕೂತೆ. ಬಿಸಿ ರೊಟ್ಟಿಗೆ ಎರಡು ಮತ, ಒಣಗಿದ ಕಟಕ ರೊಟ್ಟಿಗೆ ಒಂದು. ಆದರೆ ಮತ ಎಣಿಸುವುದು ಶಾಸ್ತ್ರವಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ ಮಗ್ಗುಲು ಮಗ್ಗುಲು. ಸಂತೆಗೆ ಹೋಗಿಬರುವಾಗ ಒಬ್ಬಳ ರೊಟ್ಟಿ ಇನ್ನೊಬ್ಬಳಲ್ಲಿ ಬಿಸಿಯಾಗಿರಬಹುದು. ದೂರ ಹೋದವಳಲ್ಲಿ ಹಳೆಯದು ಉಳಿಯುವ ಸಂಭವ ಜಾಸ್ತಿ. ಅಲ್ಲದೆ ತಾಯಿಯ ಕಟಕ ರೊಟ್ಟಿಯನ್ನು ಮಕ್ಕಳು ಬಿಸಿ ಮಾಡಿಯಾರು. ಬಿಸಿ ರೊಟ್ಟಿಯನ್ನು ಯಾರು ಒಣಗಿಸುತ್ತಾರೆ? ಬೆಳ್ಳಿ ದೊಡ್ಡತ್ತೆಯ ಗಂಡನ ಮನೆಯ ಎರವಲು. ಟೊಪಗಿ ಆಮೇಲೆ ಬಂದದ್ದು, ಇಟ್ಟು, ಸುತ್ತಿ ಎರಡಕ್ಕೂ ರೊಟ್ಟಿಯೊಡನೆ ಪ್ರಾಸ ಹೊಂದುವುದಿಲ್ಲ. ಬೆವರೊರೆಸಿಕೊಂಡು ಹೊರಗೆ ಬಂದು ಓದಿದೆ: "ಹಿತ್ತಾಳಿ ತಾಟಿನ್ಯಾಗ ಕಟಕ ರೊಟ್ಟಿ, ಶಂಕರಪ್ಪನವರು ಬಂದ್ರು ಪಟಗಾ ಕಟ್ಟಿ." ಸಾಲಿನ ಮೊದಲಿಗೆ ನಕ್ಷತ್ರವಿದೆಯೆಂದೂ ವಿವರಿಸಿದೆ.

ಆಮೇಲೆ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಲೇ ಬಸ್ಯಾ, ನಮ್ಮವ್ವ ಯಾವತ್ತರ ಹಿಂಗ ಅಂದಿದ್ಲೇನೋ?" ದೊಡ್ಡತ್ತೆ.

"ಅಪ್ಪಗ ಕಟಕ ರೊಟ್ಟಿ ನೀಡತಿದ್ಲೇನ ಆಕಿ?" ನಡುವಿನತ್ತೆ.

"ಅತ್ತಿ, ಕಟಕ ಅಂದವರು ನೀವ ಅಲ್ರೀ!" ಎಂದು ಸಣ್ಣತ್ತೆಗೆ ಮೊರೆಯಿಟ್ಟೆ.

"ನಾ ಅಂದ್ರ ಬ್ಯಾರೆ. ನೀ ಯಾರೋ ಅನ್ನಾಕ?"

ಆಮೇಲೆ ಬಹಳ ಹೊತ್ತು ಅವರು ಒಬ್ಬರ ಮಾತಿಗೊಬ್ಬರು ತಲೆದೂಗುತ್ತ ನನ್ನನ್ನು ಬೈದರು. ದೊಡ್ಡತ್ತೆಯ ಚೀಲ ಮತ್ತೆ ಗೂಟಕ್ಕೇರಿತು. ಉಂಡಿಗೆ ಬೆಲ್ಲ ಸಾಲದೆಂದು ನನ್ನನ್ನು ಅಂಗಡಿಗೆ ಅಟ್ಟಿದರು. ವಿಜ್ಞಾನ ಸೋತರೂ ಮನೆ ಉಳಿಯಿತು.

ಕುಬಸದ ದಿನ ಹೆಂಗಸರು ಸುತ್ತುಗಟ್ಟಿ ಕಾಡಿದಾಗ ಸವಿತಾ ನಾಚಿ, ತಡವರಿಸಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: "ಹಿತ್ತಾಳಿ ತಾಟಿನ್ಯಾಗ ಕಟಕ ರೊಟ್ಟಿ, ಮಂಜುನಾಥರು ಬಂದ್ರು ಪಟಗಾ ಕಟ್ಟಿ." ನಾನು ಬಾಗಿಲ ಮರೆಯಿಂದ ಅತ್ತೆಯರ ಮುಖ ನೋಡಿದೆ. ಚಪ್ಪಾಳೆ ಬಿತ್ತು. ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಿಂಗ ನೋಡ್ರೆವಾ ಅವ್ವ ಅಂತಿದ್ದದ್ದು! ಥೇಟ್ ಹಿಂಗ." ತಂಗಿಯರಿಬ್ಬರೂ ಹೌದೆಂದರು.

ಖರೆ ಹೇಳುತ್ತೇನೆ, ಆ ಕ್ಷಣ ನನಗೂ ಅಜ್ಜಿ ಕಂಡಳು. ಬಾಗಿಲಿಗೆ ಒರಗಿ, ಬಾಯಿಗೆ ಸೆರಗು ಅಡ್ಡ ಹಿಡಿದು, "ಕಟಕ" ಎನ್ನುವಾಗ ಅಜ್ಜನತ್ತ ವಾರೆನೋಟ ಬೀರಿ ನಕ್ಕಳು. ರಾತ್ರಿಯ ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನೆಲ್ಲ ಬಣ್ಣಿಸಿದೆ.

ಅವಳು ಅನ್ನ ಬಡಿಸುವ ಕೈ ತಡೆದು, "ನೀವು ಹುಟ್ಟೂಕಿಂತ ಮೊದಲ ಆಕಿ ತೀರಿಕೊಂಡಿದ್ಲಲ್ರೀ" ಅಂದಳು.

ಅದೇನೋ ನಿಜ. ಆದರೂ ಅಜ್ಜಿಯ ಮೂಗುತಿ ಎಡಗಡೆಗೇ ಇತ್ತೆಂದು ನಾನು ಅವಳೊಡನೆ ಇನ್ನೂ ವಾದಿಸುತ್ತಿದ್ದೇನೆ.