ನಲವತ್ತು ನಿಮಿಷ ಸಿಗದ ವಾರ

ಹೈಸ್ಕೂಲು ಮಾಸ್ತರನ ಕೆಲಸವೆಂದರೆ ಪಾಠ ಹೇಳುವುದು ಎಂದು ನಂಬಿರುವ ಮುಗ್ಧರು ಈ ಲೋಕದಲ್ಲಿ ಇನ್ನೂ ಇದ್ದಾರೆ. ನೌಕರಿಗೆ ಸೇರುವ ಹಿಂದಿನ ದಿನದ ತನಕ ನಾನೂ ಅವರಲ್ಲೊಬ್ಬನಾಗಿದ್ದೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತದ ಮಾಸ್ತರಿಕೆ ಮಾಡಿದ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಒಂದು ಸಮಾರಂಭದ ಕುರ್ಚಿ ಎತ್ತಿ ಇನ್ನೊಂದು ಸಮಾರಂಭದ ಕುರ್ಚಿ ಹಾಕುವ ನಡುವೆ, ಕುರ್ಚಿಯವರು ಚಹಾ ಕುಡಿಯಲು ಹೋದಾಗ ಸಿಗುವ ಬಿಡುವಿಗೆ ಪಾಠ ಎಂದು ಹೆಸರು. ನನ್ನ ಹೆಂಡತಿ ಹುನಗುಂದದ ಮಾಸ್ತರರ ಮಗಳು. ಅವಳಿಗೆ ಈ ವಿಷಯದಲ್ಲಿ ಯಾವ ಭ್ರಮೆಯೂ ಇಲ್ಲ. ಸಂಜೆ ನಾನು ಮೈಮೇಲೆ ಬಣ್ಣದ ಕಾಗದದ ಚೂರು ಅಂಟಿಸಿಕೊಂಡು ಬಂದರೆ ಇವತ್ತು ಏನು ಪಾಠ ಮಾಡಿದಿರಿ ಎಂದು ಕೇಳುವುದಿಲ್ಲ, ಇವತ್ತು ಯಾರಿಗೆ ಹಾರ ಹಾಕಿದಿರಿ ಎಂದೇ ಕೇಳುತ್ತಾಳೆ.

ನಾನು ಹೇಳಹೊರಟಿರುವುದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಒಂದು ಫೆಬ್ರವರಿಯ ಕೊನೆಯ ವಾರದ ಕಥೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳು ಉಳಿದಿತ್ತು. ನನ್ನದು ಒಂದೇ ಒಂದು ಪಾಠ ಬಾಕಿ ಇತ್ತು. ಎರಡು ವೃತ್ತ ಬರೆದು ಎರಡಕ್ಕೂ ತಾಕುವ ಹಾಗೆ ಗೆರೆ ಎಳೆಯುವ ರಚನೆ. ಪುಸ್ತಕದ ಭಾಷೆಯಲ್ಲಿ ಸಾಮಾನ್ಯ ಸ್ಪರ್ಶಕ. ಪ್ರತಿವರ್ಷ ತಪ್ಪದೇ ಬರುವ ಪ್ರಶ್ನೆ, ನಾಲ್ಕು ಅಂಕ. ಜನವರಿಯಲ್ಲೇ ಮುಗಿಯಬೇಕಾಗಿದ್ದ ಪಾಠವದು. ಆದರೆ ಜನವರಿಯಲ್ಲಿ ಸರಕಾರ ನನ್ನನ್ನು ಮತದಾರರ ಪಟ್ಟಿ ಹಿಡಿದು ಓಣಿ ಓಣಿ ತಿರುಗಲು ಕಳಿಸಿತ್ತು. ಸತ್ತವರ ಹೆಸರು ತೆಗೆಯುವುದರಲ್ಲಿ ನನ್ನ ಹದಿನೈದು ದಿನ ಸತ್ತುಹೋಗಿದ್ದವು.

ಬಾಕಿ ಉಳಿದ ಆ ಪಾಠ ಯಾರಿಗೆ ಬೇಕಿತ್ತೋ ಇಲ್ಲವೋ, ಮಹಾದೇವಿಗೆ ಬೇಕಿತ್ತು. ಮಹಾದೇವಿ ನೇಕಾರ ಸಂಗಪ್ಪನ ಮಗಳು. ಉಳಿದ ವಿಷಯಗಳಲ್ಲಿ ಚುರುಕು, ಗಣಿತದಲ್ಲಿ ಮಾತ್ರ ಅವಳಿಗೂ ಅಂಕಿಗಳಿಗೂ ಹಳೆಯ ಜಗಳ. ಆದರೆ ರೇಖಾಗಣಿತದ ಚಿತ್ರ ತೆಗೆಯಲು ಕೂತರೆ ಅವಳ ಗೆರೆ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನಷ್ಟು ನೆಟ್ಟಗೆ ಬರುತ್ತಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಒಂದೇ ಮಾತು, "ನಾಕು ಕಮ್ಮಿ ಬಿದ್ದಾವ್ರಿ ಸರ್." ಆಮೇಲೆ ವಿಚಾರಿಸಿದಾಗ ತಿಳಿಯಿತು. ಪಾಸಾದರೆ ಕಾಲೇಜು, ಒಂದು ವಿಷಯ ಹೋದರೂ ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂಡುವುದು ಎಂದು ಅಪ್ಪ ಹೇಳಿಬಿಟ್ಟಿದ್ದ. ಅಕ್ಕ ಮದುವೆಯಾಗಿ ಹೋದಮೇಲೆ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುವ ಕೈ ಅವರಿಗೆ ಕಡಿಮೆಯಾಗಿತ್ತು. ನಾನು ಧಾರಾಳವಾಗಿ, ಮುಂದಿನ ವಾರ ಒಂದೇ ಪಿರಿಯಡ್ಡಿನಲ್ಲಿ ಮುಗಿಸುತ್ತೇನೆ, ಚಿಂತೆ ಬಿಡು ಎಂದು ಮಾತು ಕೊಟ್ಟೆ. ನಲವತ್ತು ನಿಮಿಷದ ಕೆಲಸ. ಮಾತು ಕೊಡುವಾಗ ನನಗೆ ಶಾಲಾ ಆಡಳಿತ ಮಂಡಳಿಯ ಚೇರ್ಮನ್ನರ ಅಣ್ಣನ ಮಗನ ಮದುವೆಯ ಸುದ್ದಿ ಗೊತ್ತಿರಲಿಲ್ಲ.

ಮದುವೆಗೂ ಸ್ಪರ್ಶಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮದುವೆ ನಡೆದದ್ದು ಭಾನುವಾರ, ನಮ್ಮ ಶಾಲೆಯ ಮೈದಾನದಲ್ಲಿ. ಅದಕ್ಕೆಂದು ಊರಲ್ಲೇ ದೊಡ್ಡದೆನ್ನುವಂಥ ಪೆಂಡಾಲ್ ಹಾಕಿಸಿದ್ದರು. ಮುಂದಿನ ಭಾನುವಾರ ಅದೇ ಪೆಂಡಾಲಿನಲ್ಲಿ ಅವರ ಮನೆಯ ಕುಬಸ ಕಾರ್ಯ, ಅಂದರೆ ಸೀಮಂತ. ಅದು ಬೇರೆ ಹುಡುಗಿಯದು, ನೀವು ತಪ್ಪು ತಿಳಿಯಬಾರದು. ನಡುವೆ ಪೆಂಡಾಲ್ ವಾರವಿಡೀ ಖಾಲಿ ನಿಲ್ಲುವುದನ್ನು ನೋಡಿ ಚೇರ್ಮನ್ನರಿಗೆ ಹೊಟ್ಟೆ ಉರಿಯಿತು. ವರ್ಷವೆಲ್ಲ ಹಂಚಿ ಹಾಕಿದ್ದ ಶಾಲೆಯ ಕಾರ್ಯಕ್ರಮಗಳನ್ನೆಲ್ಲ ಅದರಡಿಯಲ್ಲಿ ಒಂದೇ ವಾರದಲ್ಲಿ ಮುಗಿಸಿಬಿಡಿ ಎಂದು ಅಪ್ಪಣೆ ಕೊಡಿಸಿದರು. ನಮ್ಮ ಹೆಡ್‌ಮಾಸ್ತರರು ಆ ಅಪ್ಪಣೆಯನ್ನು ಓದಿ ಹೇಳುವಾಗ ಅವರ ಮುಖದಲ್ಲಿ ಆನಂದವಿತ್ತು. ಅವರಿಗೆ ಪಾಠಕ್ಕಿಂತ ವೇದಿಕೆ ಪ್ರೀತಿ. ನಿರೂಪಣೆ ಎಂದಿನಂತೆ ನನಗೆ ಬಂತು. ನನ್ನ ಧ್ವನಿ ದೊಡ್ಡದು, ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುತ್ತದೆ. ಬೇಡವೆಂದು ಹೇಳಿದೆ. ಆದರೆ ಬೇಡವೆನ್ನುವಾಗಲೂ ಸ್ವಲ್ಪ ಮೆಲ್ಲಗೇ ಹೇಳಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಸೋಮವಾರ ಮೊದಲ ಪಿರಿಯಡ್ಡಿನಲ್ಲಿ ಹಲಗೆಯ ಮೇಲೆ ಒಂದು ವೃತ್ತ ಬರೆದಿದ್ದೆ. ಇನ್ನೊಂದು ಬರೆಯುವಷ್ಟರಲ್ಲಿ ಶಾಲೆಯ ಸಿಪಾಯಿ ಬಂದು, ವಿಜ್ಞಾನ ಪ್ರದರ್ಶನದ ಉದ್ಘಾಟಕರು ಹುನಗುಂದ ಬಿಟ್ಟರಂತೆ ಎಂದ. ಅವರು ಹುನಗುಂದ ಬಿಟ್ಟು ಇಳಕಲ್ಲು ಮುಟ್ಟಲು ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ ಹೋಗಿ ತಿರುಗಿ ಬರುತ್ತಿದ್ದೆ, ಅದೂ ಸೈಕಲ್ಲಿನ ಮೇಲೆ. ಹುಡುಗರು ಮಾಡಿದ ಜ್ವಾಲಾಮುಖಿ ಅತಿಥಿಗಳು ಬರುವ ಮೊದಲೇ ಎರಡು ಸಲ ಉಕ್ಕಿ ಸುಸ್ತಾಗಿತ್ತು. ಪೆಂಡಾಲಿನ ಕಮಾನಿನಿಂದ ವಧೂವರರ ಹೆಸರು ತೆಗೆದಿದ್ದರೂ ಬಾಣ ಚುಚ್ಚಿದ ಥರ್ಮಾಕೋಲಿನ ಹೃದಯ ಹಾಗೇ ಉಳಿದಿತ್ತು. ಉದ್ಘಾಟಕರು ಅದನ್ನೂ ಮಕ್ಕಳು ಮಾಡಿದ ಮಾದರಿ ಎಂದು ತಿಳಿದು, ರಕ್ತ ಪರಿಚಲನೆಯ ಬಗ್ಗೆ ಎರಡು ಪ್ರಶ್ನೆ ಕೇಳಿದರು.

ಮಂಗಳವಾರ ಕ್ರೀಡಾ ಬಹುಮಾನ. ಅಂದು ಅತಿಥಿಗಳು ಫಳಾರಕ್ಕೆ ಕೂತಾಗ ನನಗೆ ನಿಜವಾಗಿಯೂ ನಲವತ್ತು ನಿಮಿಷ ಸಿಕ್ಕಿತು. ಡಸ್ಟರು, ಸೀಮೆಸುಣ್ಣ ಹಿಡಿದು ಓಡಿದೆ. ಕ್ಲಾಸಿನಲ್ಲಿ ನಾಲ್ಕು ಹುಡುಗರಿದ್ದರು, ಮೂವರು ನಿದ್ದೆ ಮಾಡುತ್ತಿದ್ದರು. ಮಹಾದೇವಿ ಎಲ್ಲಿ ಎಂದರೆ, ಅವಳು ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ವಾರವಿಡೀ ಅತಿಥಿಗಳನ್ನು ಸ್ವಾಗತಿಸಲು ಇಳಕಲ್ ಸೀರೆ ಉಟ್ಟ ಹತ್ತನೆಯ ಇಯತ್ತೆಯ ಹುಡುಗಿಯರು ಬೇಕೆಂದು ಹೆಡ್‌ಮಾಸ್ತರರು ಆರಿಸಿದ್ದರಂತೆ. ಅವಳ ಅಪ್ಪ ನೇಯ್ದ ಕೆಂಪು ಸೆರಗಿನ ಸೀರೆ ಎದ್ದು ಕಾಣುತ್ತಿತ್ತು, ಹಾಗಾಗಿ ಅವಳು ಮೊದಲ ಸಾಲಿನಲ್ಲಿ. ಅವಳನ್ನು ಬಿಟ್ಟುಕೊಡಿ ಎಂದು ಹೆಡ್‌ಮಾಸ್ತರರನ್ನು ಕೇಳಿಕೊಂಡರೆ, ಫಳಾರ ಮುಗಿಸಿ ಹೊರಡುವ ಅತಿಥಿಗಳಿಗೆ ಕುಂಕುಮ ಹಚ್ಚುವವರು ಯಾರು ಎಂದು ನನಗೇ ತಿರುಗಿ ಕೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ನಮ್ಮ ಕಡೆಯ ಸಮಾರಂಭಗಳ ಬಗ್ಗೆ ಒಂದು ಮಾತು ಹೇಳಬೇಕು. ಇಲ್ಲಿ ವೇದಿಕೆಯ ಮೇಲೆ ಕೂತವರಿಗೆಲ್ಲ ಸತ್ಕಾರವಾಗಬೇಕು, ಕೆಳಗೆ ಕೂತವರಲ್ಲಿ ಮೇಲೆ ಕೂಡಬೇಕಾಗಿದ್ದವರಿಗೂ ಆಗಬೇಕು. ಒಬ್ಬರ ಹೆಸರು ಬಿಟ್ಟರೆ ಅವರು ವರ್ಷವಿಡೀ ನಮ್ಮನ್ನು ಬಿಡುತ್ತಾರೆ. ಹಾಗಾಗಿ ಹೆಸರಿನ ಚೀಟಿಗಳು ಕಾರ್ಯಕ್ರಮ ನಡೆಯುತ್ತಿರುವಾಗಲೇ ನನ್ನ ಕೈಗೆ ಬರುತ್ತಿರುತ್ತವೆ. ಒಮ್ಮೆ ಅವಸರದಲ್ಲಿ ಒಬ್ಬರಿಗೆ ಎರಡು ಸಲ ಹಾರ ಹಾಕಿಸಿದೆ. ಅವರು ಎರಡನ್ನೂ ಗಂಭೀರವಾಗಿಯೇ ಸ್ವೀಕರಿಸಿದರು. ಪಕ್ಕದಲ್ಲಿ ಕೂತವರು ಮಾತ್ರ ಇಂದಿಗೂ ನನಗೆ ನಮಸ್ಕಾರ ಮಾಡುವುದಿಲ್ಲ.

ಬುಧವಾರ ಪಾಲಕರ ಸಭೆ. ಪ್ರಶ್ನೆಗಳಿದ್ದರೆ ಕೇಳಿ ಎಂದು ಹೆಡ್‌ಮಾಸ್ತರರು ವಾಡಿಕೆಯಂತೆ ಹೇಳಿದರು. ವಾಡಿಕೆಯಂತೆ ಯಾರೂ ಕೇಳಬಾರದು. ಸಂಗಪ್ಪ ಎದ್ದು ನಿಂತ. ಟೋಪಿ ಕೈಯಲ್ಲಿ ಹಿಡಿದು, ನಮ್ಮ ಹುಡುಗಿ ನಾಲ್ಕು ಮಾರ್ಕಿನ ಪಾಠ ಒಂದು ಉಳಿದಿದೆ ಎನ್ನುತ್ತಾಳೆ, ಅದು ಯಾವಾಗ ಆಗುತ್ತದೆ ಎಂದು ಕೇಳಿದ. ಗಣಿತದ ಸರ್ ಉತ್ತರಿಸುತ್ತಾರೆ ಎಂದು ಹೆಡ್‌ಮಾಸ್ತರರು ನನ್ನತ್ತ ತಿರುಗಿದರು. ಮೈಕು ಆಗಲೇ ನನ್ನ ಕೈಯಲ್ಲಿತ್ತು. ಊರಿಗೆಲ್ಲ ಕೇಳುವ ಹಾಗೆ ಶುಕ್ರವಾರ ಎಂದುಬಿಟ್ಟೆ. ಗುರುವಾರದ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆ ಸೌಂಡ್ ಬಾಕ್ಸಿನಿಂದ ನನ್ನ ಎಡಗಿವಿ ಭಾನುವಾರದ ತನಕ ಗುಂಯ್‌ಗುಡುತ್ತಿತ್ತು.

ಶುಕ್ರವಾರ ಮಧ್ಯಾಹ್ನಕ್ಕಿದ್ದ ಬೀಳ್ಕೊಡುಗೆ, ಚೇರ್ಮನ್ನರಿಗೆ ಬಾಗಲಕೋಟೆಯಲ್ಲಿ ಕೆಲಸವಿದೆಯೆಂದು ಬೆಳಿಗ್ಗೆಗೇ ಬಂತು. ನನ್ನ ಪಿರಿಯಡ್ಡು ಹೋಯಿತು. ಹತ್ತನೆಯ ಇಯತ್ತೆಯ ಮಕ್ಕಳು ಒಬ್ಬೊಬ್ಬರಾಗಿ ಬಂದು ಮೈಕಿನ ಮುಂದೆ ಅತ್ತು ಹೋದರು. ಮಹಾದೇವಿ ಅಳಲಿಲ್ಲ. "ನಮ್ಮನ್ನ ಬೀಳ್ಕೊಡಾಕತ್ತೀರಿ. ಆದ್ರ ಒಂದು ಪಾಠ ಇನ್ನಾ ಉಳದೈತ್ರಿ" ಎಂದು ನನ್ನನ್ನೇ ನೋಡುತ್ತ ಹೇಳಿ ಇಳಿದಳು. ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡು, ಬದುಕಿನ ಪಾಠ ಎಂದೂ ಮುಗಿಯುವುದಿಲ್ಲ ಎಂಬುದನ್ನು ಈ ಮಗು ಎಷ್ಟು ಚೆನ್ನಾಗಿ ಹೇಳಿತು ಎಂದು ಅದರ ಮೇಲೆಯೇ ಮಾತಾಡಿದರು. ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಸಿಟ್ಟು ಹೆಡ್‌ಮಾಸ್ತರರ ಮೇಲೆ, ಚೇರ್ಮನ್ನರ ಮೇಲೆ, ಮದುಮಗನ ಮೇಲೆ, ಭಾಷಣ ಮಾಡುವ ಸಕಲ ಮನುಷ್ಯಕುಲದ ಮೇಲೆ.

ಶನಿವಾರ ಗ್ರೂಪ್ ಫೋಟೋ. ಸೋಮವಾರದಿಂದ ಮಕ್ಕಳಿಗೆ ಓದಿನ ರಜೆ. ಶಾಲೆ ಬಿಡುವ ಹೊತ್ತಿಗೆ ಸಂಗಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ. ಬೈಯಲು ಬಂದಿದ್ದಾನೆಂದು ತಿಳಿದು ನಾನು ಸೈಕಲ್ಲಿನ ಚೈನು ನೋಡುವವನಂತೆ ಬಗ್ಗಿದೆ. ಅವನು ಬೈಯಲಿಲ್ಲ. "ನಾಳಿ ಅಮಾಸಿ ಐತ್ರಿ ಸರ್, ನಮ್ಮ ಓಣ್ಯಾಗ ಒಂದೂ ಮಗ್ಗ ನಡಿಯಂಗಿಲ್ಲ. ನಮ್ಮ ಮನಿಗೇ ಬರ್ರಿ" ಎಂದ. ನೇಕಾರರ ಓಣಿಯಲ್ಲಿ ದಿನವೆಲ್ಲ ಮಗ್ಗದ ಸದ್ದಿಗೆ ಪಕ್ಕದಲ್ಲಿ ಕೂತವನ ಮಾತು ಕೇಳುವುದಿಲ್ಲ. ಅಮಾವಾಸ್ಯೆಗೆ ಮಾತ್ರ ಎಲ್ಲ ಮಗ್ಗಗಳಿಗೂ ಬಿಡುವು. ಪಾಠ ಹೇಳಲು ತಿಂಗಳಿಗೆ ಅದೊಂದೇ ದಿನ. ನಾನು ಕೂಡಲೇ ಒಪ್ಪಿಕೊಂಡೆ. ಹಾರವಿಲ್ಲ, ಮೈಕಿಲ್ಲ, ಚೀಟಿಯಿಲ್ಲ. ನಾನು, ಹುಡುಗಿ, ಎರಡು ವೃತ್ತ.

ಮರುದಿನ ಹತ್ತು ಗಂಟೆಗೆ ಹೋದೆ. ಓಣಿ ಖರೆಯಾಗಿಯೂ ಸದ್ದಿಲ್ಲದೆ ಇತ್ತು. ಸಂಗಪ್ಪನ ಮನೆಯ ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿ ಇದ್ದವು. ಒಳಗೆ ಮಗ್ಗ ತೊಳೆದು ಪೂಜೆ ಮಾಡಿದ್ದರು. ಅದರ ಮುಂದೆ ಓಣಿಯವರೆಲ್ಲ ಜಮಖಾನೆಯ ಮೇಲೆ ಕೂತಿದ್ದರು. ಎದುರಿಗೆ ಮೇಜು, ಮೇಜಿನ ಮೇಲೆ ಬಟ್ಟೆ, ತಂಬಿಗೆಯಲ್ಲಿ ನೀರು, ಹಿಂದೆ ಗೋಡೆಗೆ ಕಟ್ಟಿದ ಸೀರೆ. ಮಹಾದೇವಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆ ಹುಡುಗಿಗೆ ಆ ವಾರ ತಟ್ಟೆ ಇಳಿಸುವ ಯೋಗವೇ ಇರಲಿಲ್ಲ. ಇದೆಲ್ಲ ಏನಪ್ಪಾ ಎಂದು ಕೇಳಿದ್ದಕ್ಕೆ ಸಂಗಪ್ಪ ಕೈಮುಗಿದ. "ವಾರೆಲ್ಲಾ ಸಾಲ್ಯಾಗ ನೋಡೇನ್ರಿ. ದೊಡ್ಡವರು ಬಂದ್ರ ನೀವು ಹಿಂಗ ಮಾಡ್ತೀರಿ. ನಮ್ಮ ಮನಿಗೆ ನೀವ ದೊಡ್ಡವರ್ರಿ."

ಹಾರ ಹಾಕಿದರು, ಕಾಯಿ ಕೊಟ್ಟರು, ತಲೆಗೆ ಪಟಗ ಸುತ್ತಿದರು. ಅವಲಕ್ಕಿ ಬಂತು, ಚಹಾ ಬಂತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಸಂಗಪ್ಪ, ಇನ್ನು ಸರ್ ಎರಡು ಮಾತು ಹೇಳಬೇಕು ಎಂದ.

ಓದುಗರೇ, ನಿಮ್ಮಲ್ಲಿ ಮುಚ್ಚುಮರೆ ಯಾಕೆ. ಹನ್ನೊಂದು ವರ್ಷ ನಾನು ಬೇರೆಯವರನ್ನು ಎರಡು ಮಾತಿಗೆ ಕರೆದಿದ್ದೆ. ನನ್ನನ್ನು ಒಬ್ಬರೂ ಕರೆದಿರಲಿಲ್ಲ. ಬೇಡ, ಪಾಠ ಶುರು ಮಾಡೋಣ ಎನ್ನಲು ಬಾಯಿ ತೆರೆದೆ. ಹೊರಬಂದದ್ದು ಮಾತ್ರ "ನೆರೆದ ಸಮಸ್ತ ಬಂಧುಗಳೇ" ಎಂದು. ವಿಷಯ ತಾನಾಗಿಯೇ ಹೊಳೆಯಿತು: ಸಮಯದ ಮಹತ್ವ. ಸಮಾರಂಭಗಳಲ್ಲಿ ಹೊತ್ತು ಹಾಳು ಮಾಡುವ ಜನರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ನನ್ನ ಬಾಲ್ಯ ಹೇಳಿದೆ, ಬಾದಾಮಿಯಿಂದ ನಾಲ್ಕು ಮೈಲಿ ನಡೆದು ಶಾಲೆಗೆ ಹೋದದ್ದು ಹೇಳಿದೆ. ಖರೆ ನೋಡಿದರೆ ನಮ್ಮ ಮನೆ ಶಾಲೆಯ ಹಿಂದೆಯೇ ಇತ್ತು. ಜನ ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದರು. ಎಳೆ ಎಣಿಸಿ ನೇಯುವ ಜನ, ತಾಳ್ಮೆಗೆ ಅವರಲ್ಲಿ ಕೊರತೆಯಿಲ್ಲ. ಕೊನೆಯದಾಗಿ ಒಂದು ಮಾತು ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳುವಾಗ ಮೇಜಿನ ಪಕ್ಕದಿಂದ ಸಣ್ಣ ಧ್ವನಿ ಕೇಳಿತು.

"ಸರ್, ಎರಡೂ ವೃತ್ತ ನಾ ತಗದಿಟ್ಟೇನ್ರಿ."

ಮಹಾದೇವಿ ನೆಲದ ಮೇಲೆ ಕೂತು ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡಿದ್ದಳು. ನನ್ನ ಭಾಷಣದ ಹೊತ್ತಿನಲ್ಲಿ ಎರಡು ವೃತ್ತ ಬರೆದು, ಕೇಂದ್ರಗಳನ್ನು ಸೇರಿಸಿ, ಅಳತೆ ಗುರುತಿಸಿ, ಪೆನ್ಸಿಲ್ಲು ಹೆರೆದು ಕಾಯುತ್ತಿದ್ದಳು. ನನ್ನ ಹೊತ್ತು ಉಳಿಸೋಣವೆಂದು ಅಷ್ಟು ಮಾಡಿಟ್ಟುಕೊಂಡಿದ್ದಳಂತೆ. ಎದುರು ಗೋಡೆಯ ಗಡಿಯಾರ ನೋಡಿದೆ. ನಾನು ಎದ್ದು ನಿಂತು ಒಂದು ತಾಸು ಐದು ನಿಮಿಷವಾಗಿತ್ತು.

ಪಟಗ ತಲೆಯ ಮೇಲಿರುವಂತೆಯೇ ಅವಳ ಪಕ್ಕ ನೆಲದ ಮೇಲೆ ಕೂತೆ. ಸಂಗಪ್ಪ ವಂದನಾರ್ಪಣೆಗೆಂದು ಎದ್ದ, ಕೂಡಲು ಹೇಳಿದೆ. ಪಾಠ ಮುಗಿಯಲು ಬೇಕಾದದ್ದು ನಲವತ್ತು ನಿಮಿಷವೂ ಅಲ್ಲ, ಇಪ್ಪತ್ತೈದು. ಗೆರೆ ಎರಡೂ ವೃತ್ತಗಳಿಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ತಾಕಿತು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು, ಅವಳಿಗೆ ಮೂವತ್ತಾರು ಬಂತು, ಕಾಲೇಜಿಗೂ ಹೋದಳು. ಅಮಾವಾಸ್ಯೆಯ ದಿನ ರಜೆಯನ್ನೂ ನೋಡದೆ ನೇಕಾರರ ಮನೆಗೆ ಹೋಗಿ ಪಾಠ ಹೇಳಿ ಒಂದು ಹುಡುಗಿಯನ್ನು ದಡ ಸೇರಿಸಿದ ಮಾಸ್ತರ ಎಂದು ಊರಲ್ಲಿ ನನಗೊಂದು ಹೆಸರಿದೆ. ಆ ಹೆಸರಿನ ಮೇಲೆ ಎರಡು ಕಡೆ ಸತ್ಕಾರವೂ ಆಗಿದೆ. ಎರಡೂ ಕಡೆ ನಾನು ಆ ದಿನದ ವಿಷಯವನ್ನು ಬಹಳ ಹೊತ್ತು ಹೇಳಿದ್ದೇನೆ, ಅವಳು ನನ್ನನ್ನು ತಡೆದು ನಿಲ್ಲಿಸಿದ್ದೊಂದನ್ನು ಬಿಟ್ಟು.