ನೂರ ನಲವತ್ತನಾಲ್ಕು ಹರ್ಟ್ಸಿನ ಸಿಂಹಾಸನ

"ಈ ಮಾನಿಟರ್ ಸರಿಹೋಗೋವರೆಗೂ ಈ ಕುರ್ಚಿಯಿಂದ ಏಳೋದೇ ಇಲ್ಲ!" ಎಂದು ಬೆಳಗ್ಗೆ ಹತ್ತು ಗಂಟೆಗೆ ಹೆಂಡತಿಯ ಮುಂದೆ ಶಪಥ ಮಾಡಿದೆ. ಆಫೀಸಿನಲ್ಲಿ ಸತ್ತುಬಿದ್ದಿದ್ದ ಪ್ರಿಂಟರಿನ ಬೆನ್ನಿಗೆ ಒಂದು ಗುದ್ದು ಕೊಟ್ಟು ಬದುಕಿಸಿದ ದಿನದಿಂದ ನನ್ನನ್ನು ಅಲ್ಲಿ ಎಲ್ಲರೂ 'ಡಾಕ್ಟ್ರು' ಎಂದೇ ಕರೆಯುತ್ತಾರೆ. ಅಂಥವನ ಮನೆಯಲ್ಲೇ ರೋಗಿ ನರಳುವುದೆಂದರೇನು! ಒಂದು ದಿನ ರಜೆ ಹಾಕಿ ಅಂಗಿಯ ತೋಳು ಮೇಲೇರಿಸಿದೆ.

ರೋಗಿ ಸಾಮಾನ್ಯದವನಲ್ಲ. ನನ್ನಾಕೆ ಕಟ್ಟಡಗಳ ನಕ್ಷೆ ಬರೆಯುವವಳು. ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ಗೆರೆ ಎಳೆದು ಎಳೆದು, ಈಗಷ್ಟೇ ಮನೆಯಲ್ಲೇ ಸ್ವಂತ ಕೆಲಸ ಶುರುಮಾಡಿದ್ದಳು. ಅವಳ ಸಣ್ಣ ಸಣ್ಣ ಗೆರೆಗಳೂ ಸ್ಪಷ್ಟವಾಗಿ ಕಾಣಲೆಂದು ಫೋರ್ ಕೆ ಮಾನಿಟರ್ ತಂದಿದ್ದೆವು. ಅದು ಒಂದು ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ತನ್ನ ಚಿತ್ರವನ್ನು ತಾನೇ ಹೊಸದಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ರಿಫ್ರೆಶ್ ರೇಟ್, ಅದರ ಅಳತೆಗೆ ಹರ್ಟ್ಸ್ ಎನ್ನುತ್ತಾರೆಂದು ಮನೆಗೆ ಬಂದವರಿಗೆಲ್ಲ, ಕೊನೆಗೆ ಕೊರಿಯರ್ ತಂದವನನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು, ಪಾಠ ಹೇಳಿದ್ದೆ. ಮಾನಿಟರಿನ ಜೊತೆಗೇ ನನ್ನ ಆಯ್ಕೆಯ ಒಂದು ಕುರ್ಚಿಯೂ ಬಂದಿತ್ತು. ಕೆಳಗೆ ಐದು ಚಕ್ರ, ಪಕ್ಕದಲ್ಲಿ ಕೈಯಾಸರೆ, ಕೂತರೆ ಉಸ್ಸೆಂದು ಇಳಿದು ಎದ್ದರೆ ಉಸ್ಸೆಂದು ಏರುವ ಗಾಳಿಯ ಕಂಬ! ಹೆಂಡತಿ ಅದನ್ನು ಮೂಸಿಯೂ ನೋಡಲಿಲ್ಲ. ಅವಳಿಗೆ ಊಟದ ಮೇಜಿನ ಮರದ ಸ್ಟೂಲೇ ಹಿತ. ಹಾಗಾಗಿ ಸಿಂಹಾಸನಕ್ಕೆ ನಾನೊಬ್ಬನೇ ವಾರಸುದಾರ.

ಇನ್ನು ರೋಗ. ಎರಡು ದಿನದಿಂದ ಮಾನಿಟರ್ ಇದ್ದಕ್ಕಿದ್ದಂತೆ ಕಪ್ಪಾಗಿ, ಎರಡು ಸೆಕೆಂಡು ಕಣ್ಣುಮುಚ್ಚಿ, ಏನೂ ಆಗಿಲ್ಲವೆಂಬಂತೆ ಮತ್ತೆ ಬೆಳಗುತ್ತಿತ್ತು. ಅವತ್ತು ಸಂಜೆ ನಾಲ್ಕಕ್ಕೆ ಒಂದು ಮಕ್ಕಳ ಗ್ರಂಥಾಲಯದ ಸಮಿತಿಯವರು ವಿಡಿಯೋ ಕರೆಯಲ್ಲಿ ಇವಳ ನಕ್ಷೆ ನೋಡುವವರಿದ್ದರು. ಒಪ್ಪಿದರೆ ಅದು ಇವಳ ಮೊಟ್ಟಮೊದಲ ಸ್ವಂತ ಕೆಲಸ. ಒಪ್ಪದಿದ್ದರೆ ಹಿಂದೆ ಇನ್ನೊಬ್ಬರು ನಕ್ಷೆ ಹಿಡಿದು ಸಾಲಿನಲ್ಲಿ ನಿಂತಿದ್ದರು.

"ಆದ್ರೆ ರೀ, ನಾನೊಬ್ಬಳೇ ಕೆಲಸ ಮಾಡುವಾಗ ಒಂದ್ಸಲನೂ ಹೀಗಾಗಲ್ಲ" ಎಂದಳು.

"ನಿನಗೆ ಗಮನ ಸಾಲದು. ರಿಫ್ರೆಶ್ ರೇಟಿನದೇ ತೊಂದರೆ, ನೋಡ್ತಿರು!"

ಕಿಟಕಿಯ ಪಕ್ಕ ನಮ್ಮತ್ತೆ ಪೆನ್ಸಿಲ್ ಹಿಡಿದು ಪತ್ರಿಕೆಯ ಪದಬಂಧ ತುಂಬುತ್ತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಕನ್ನಡಕದ ಮೇಲಿಂದ ನೋಡಿ, "ಅಳಿಯಂದ್ರೇ, ನಂಗೊಂದು ಅನುಮಾನ..." ಎಂದು ಶುರುಮಾಡಿದರು.

"ಅತ್ತೆ, ಇದು ಕಂಪ್ಯೂಟರ್ ವಿಷಯ. ನೀವು ಆರಾಮಾಗಿ ಕೂತಿರಿ" ಎಂದೆ. ಅವರು ಆರಾಮಾಗಿ ಕೂತರು.

ಚಿಕಿತ್ಸೆ ಆರಂಭವಾಯಿತು. ನೂರ ನಲವತ್ತನಾಲ್ಕನ್ನು ನೂರಿಪ್ಪತ್ತಕ್ಕೆ ಇಳಿಸಿದೆ. ಮಾನಿಟರ್ ಶಾಂತವಾಗಿತ್ತು. ಗೆದ್ದೆನೆಂದು ಎದ್ದೆ. ಕಪ್ಪು! ಹಾಗಾದರೆ ಕೇಬಲ್‌ದೇ ತಪ್ಪು. ಬೇರೆ ಕೇಬಲ್ ಚುಚ್ಚಿ ಬಂದು ಕೂತೆ. ಕಪ್ಪು! ಅರವತ್ತಕ್ಕೆ ಇಳಿಸಿ, ಬಾಕ್ಸಿನ ಜೊತೆ ಬಂದ ಪುಸ್ತಕ ತರಲು ಎದ್ದೆ. ಕಪ್ಪು! ಪುಸ್ತಕ ತಂದು ಕೂತೆ. ಮತ್ತೆ ಕಪ್ಪು! ಹಟ ತೊಟ್ಟು ಮೂವತ್ತಕ್ಕೆ ಇಳಿಸಿದೆ. ಈ ದರಿದ್ರದ್ದು ನನ್ನ ಮೇಲೆ ಹಗೆ ಸಾಧಿಸುತ್ತಿದೆ ಎಂದು ಗೊಣಗುತ್ತಾ ಊಟಕ್ಕೆ ಎದ್ದೆ. ಅದು ಕಪ್ಪು ಮುಖ ತೋರಿಸಿಯೇ ನನ್ನನ್ನು ಬೀಳ್ಕೊಟ್ಟಿತು.

ಸಾವಕಾಶವಾಗಿ ಉಂಡೆ. ಅಷ್ಟು ಹೊತ್ತೂ ಹೆಂಡತಿ ಸ್ಟೂಲಿನ ಮೇಲೆ ಕೂತು ನಕ್ಷೆ ತಿದ್ದಿದಳು. ಒಂದು ಗಂಟೆಯಲ್ಲಿ ಒಂದು ಸಲವೂ ಪರದೆ ಕಣ್ಣು ಮಿಟುಕಿಸಲಿಲ್ಲ. ಕೈ ಒರೆಸಿಕೊಳ್ಳುತ್ತಾ ಅವಳ ಹಿಂದೆ ಬಂದು ನಿಂತೆ.

"ನೋಡಿದ್ಯಾ? ಬೆಣ್ಣೆ ಥರ ಹೋಗ್ತಿದೆ! ನೂರ ನಲವತ್ತನಾಲ್ಕರ ನುಣುಪು ಅಂದ್ರೆ ಇದಪ್ಪಾ!"

"ನೀವೇ ಅದನ್ನ ಮೂವತ್ತಕ್ಕೆ ಇಳಿಸಿ ಹೋಗಿದ್ದೀರಿ."

ಗಂಟಲು ಸರಿಮಾಡಿಕೊಂಡೆ. "ಅಂದ್ರೆ... ಮೂಲ ಗುಣ ಎಲ್ಲಿ ಹೋಗುತ್ತೆ ಅಂತ..."

"ಹರ್ಟ್ಸ್ ಎಷ್ಟೋ ನಂಗೊತ್ತಿಲ್ಲ. ನಿಮ್ಮ ಹರಟೆ ಮಾತ್ರ ಸೆಕೆಂಡಿಗೆ ನೂರ ನಲವತ್ತನಾಲ್ಕು!"

ಅವಮಾನ ತಡೆಯಲಾರದೆ, ಮೊದಲಿನ ಸಂಖ್ಯೆಗೇ ಏರಿಸೋಣವೆಂದು ಸಿಂಹಾಸನದಲ್ಲಿ ಧೊಪ್ಪನೆ ಕೂತೆ. ಕಪ್ಪು! ಮಧ್ಯಾಹ್ನವಿಡೀ ಇದೇ ಆಟ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹೆಂಡತಿ ತಲೆಯ ಮೇಲೆ ಕೈಹೊತ್ತಳು.

"ರೀ, ಪರದೆ ಹೋದಾಗೆಲ್ಲ ಅವರಿಗೆ ತೋರಿಸೋ ನಕ್ಷೆನೂ ಹೋಗುತ್ತೆ. ಒಂದು ಮಾನಿಟರ್ ಸರಿ ಇಟ್ಕೊಳ್ಳೋಕೆ ಬರಲ್ಲ, ಈಕೆ ಗ್ರಂಥಾಲಯ ಏನು ಕಟ್ತಾಳೆ ಅಂತ ಅಂದ್ಕೊಳ್ಳಲ್ವಾ?"

ನನ್ನ ಡಾಕ್ಟರಿಕೆಯೆಲ್ಲ ಇಳಿದುಹೋಗಿ ನಿಜವಾಗಿಯೂ ಸಂಕಟವಾಯಿತು. ನಾಲ್ಕಕ್ಕೆ ಐದು ನಿಮಿಷವಿತ್ತು.

"ಈಗ ನಾನು ಮಾತಾಡಬಹುದಾ?" ಎಂದರು ಅತ್ತೆ.

ಪತ್ರಿಕೆಯನ್ನು ನನ್ನತ್ತ ತಿರುಗಿಸಿದರು. ಪದಬಂಧದ ಪಕ್ಕದಲ್ಲಿ ಸಾಲಾಗಿ ಪೆನ್ಸಿಲ್ ಗೀಟುಗಳು. "ಬೆಳಗ್ಗೆಯಿಂದ ನೀವು ಎದ್ದಿದ್ದು, ಕೂತಿದ್ದು ಎಲ್ಲ ಸೇರಿ ಹದಿನೇಳು ಸಲ. ಅದು ಕಪ್ಪಾಗಿದ್ದೂ ಹದಿನೇಳೇ ಸಲ. ಏಳಿ."

ಎದ್ದೆ. ಕಪ್ಪು!

"ಕೂತ್ಕೊಳ್ಳಿ."

ಕೂತೆ. ಕಪ್ಪು! ಅತ್ತೆ ಇನ್ನೆರಡು ಗೀಟೆಳೆದರು.

"ಬಾಚಣಿಗೆಯನ್ನ ತಲೆಗೂದಲಿಗೆ ಉಜ್ಜಿದ್ರೆ ಕಾಗದದ ಚೂರು ಎಳ್ಕೊಳ್ಳುತ್ತಲ್ಲ, ಅದೇ ವಿದ್ಯುತ್ತು. ನಿಮ್ಮ ನೈಲಾನ್ ಪ್ಯಾಂಟು, ಆ ಕುರ್ಚಿ, ಈ ಒಣ ಹವೆ. ಎದ್ದಾಗ, ಕೂತಾಗ ಆ ಕಂಬದಲ್ಲಿ ಸಣ್ಣ ಕಿಡಿ ಹಾರುತ್ತೆ, ಮಾನಿಟರ್ ಬೆಚ್ಚುತ್ತೆ. ಆರನೇ ತರಗತಿ ಪಾಠ."

"ಅತ್ತೆ! ಬೆಳಗ್ಗೇನೇ ಹೇಳಬಾರದಿತ್ತಾ?"

"ಹೇಳೋಕೆ ಬಂದೆ. ಕಂಪ್ಯೂಟರ್ ವಿಷಯ ಅಂದ್ರಿ."

ಅಷ್ಟರಲ್ಲಿ ಕರೆ ಬಂದೇಬಿಟ್ಟಿತು. ಏಳಲು ಹೊರಟವನ ಹೆಗಲನ್ನು ಹೆಂಡತಿ ಒತ್ತಿ ಹಿಡಿದಳು. "ಬೆಳಗ್ಗೆ ಏನೋ ಶಪಥ ಮಾಡಿದ್ರಲ್ಲ, ಈ ಕುರ್ಚಿಯಿಂದ ಏಳಲ್ಲ ಅಂತ? ಈಗ ನಡೆಸಿಕೊಡಿ!" ಎಂದು, ನನ್ನನ್ನು ಸಿಂಹಾಸನದ ಸಮೇತ ಅಕ್ಕಿಮೂಟೆಯಂತೆ ಹಿಂದಿನ ಗೋಡೆಗೆ ತಳ್ಳಿ, ತಾನು ಸ್ಟೂಲೆಳೆದು ಕೂತಳು.

ನಲವತ್ತು ನಿಮಿಷ! ಮೂಗು ತುರಿಸಿತು, ಕಾಲು ಜೋಮು ಹಿಡಿಯಿತು, ಬಾಗಿಲ ಗಂಟೆ ಎರಡು ಸಲ ಬಡಿಯಿತು. ನಾನು ಅಲುಗಲಿಲ್ಲ. ಹೆಂಡತಿ ಮಾತ್ರ ಎಂಥ ಚೆಂದ ವಿವರಿಸಿದಳೆಂದರೆ, ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು ಕಾಲು ಚಾಚಿ ಓದುವ ಜಾಗ ಬಂದಾಗ ನನಗೂ ಅಲ್ಲಿ ಹೋಗಿ ಕೂರಬೇಕೆನಿಸಿತು. ಮನಸ್ಸಿನಲ್ಲೇ ಹೆಮ್ಮೆಪಟ್ಟೆ.

"ನಿಮ್ಮ ಹಿಂದೆ ಅಲುಗಾಡದೆ ಕೂತಿದ್ದಾರಲ್ಲ, ಅವರು ಯಾರಮ್ಮ?" ಎಂದು ಸಮಿತಿಯ ಅಧ್ಯಕ್ಷೆ ಕೇಳಿದರು.

"ನಮ್ಮ ತಾಂತ್ರಿಕ ವಿಭಾಗ, ಮೇಡಂ" ಎಂದಳು ಇವಳು.

ಕೊನೆಗೆ ಅಧ್ಯಕ್ಷೆ ನಕ್ಕರು. "ನಕ್ಷೆ ನಮಗೆಲ್ಲ ತುಂಬಾ ಹಿಡಿಸಿದೆ. ಒಂದೇ ಪ್ರಶ್ನೆ. ಓದೋ ಕೋಣೆಗೆ ಕುರ್ಚಿ ಯಾವುದು ಅಂತ ಬರೆದಿಲ್ಲವಲ್ಲ?"

ಕುರ್ಚಿ! ಅಷ್ಟು ಹೊತ್ತು ಕಟ್ಟಿಹಾಕಿದ್ದ ನನ್ನ ಜ್ಞಾನವೆಲ್ಲ ಒಮ್ಮೆಲೇ ಉಕ್ಕಿತು. "ಮೇಡಂ, ಇದನ್ನ ನೋಡಿ!" ಎಂದು ಸಿಂಹಾಸನ ತೋರಿಸಲು ಎದ್ದು ನಿಂತೇಬಿಟ್ಟೆ.

ಪರದೆ ಕಪ್ಪು. ಮಾತು ಮಾತ್ರ ಕೇಳಿಸುತ್ತಿತ್ತು. "ಹಲೋ? ಏನಾಯ್ತಮ್ಮ? ಕುರ್ಚಿ ಅಂದ ತಕ್ಷಣ ಎಲ್ಲ ಮಾಯ ಆಯ್ತಲ್ಲ?"

"ಏನಿಲ್ಲ ಮೇಡಂ" ಎಂದಳು ಹೆಂಡತಿ, ತಿರುಗಿಯೂ ನೋಡದೆ. "ಮರದ್ದೇ ಹಾಕ್ತೀನಿ. ಯಾರು ಎದ್ದರೂ, ಯಾರು ಕೂತರೂ ಏನೂ ಆಗಲ್ಲ."

"ಹಾಗಾದ್ರೆ ಸರಿ, ಕೆಲಸ ಶುರುಮಾಡಿ."

ನಾನು ಜೋಮು ಹಿಡಿದ ಕಾಲಲ್ಲಿ, ಅತ್ತ ಕೂರಲೂ ಆಗದೆ ಇತ್ತ ನಿಲ್ಲಲೂ ಆಗದೆ, ಕುರ್ಚಿಯ ಕೈಯಾಸರೆ ಹಿಡಿದು ಅರ್ಧಕ್ಕೇ ನಿಂತಿದ್ದೆ. ಕಿಟಕಿಯ ಪಕ್ಕದಿಂದ ಪೆನ್ಸಿಲ್ಲಿನ ಸದ್ದು ಬಂತು.

"ಇಪ್ಪತ್ತು" ಎಂದರು ಅತ್ತೆ.